ದೂರದಿಂದ ನಿಕಾಹ್ ಆಗಬಹುದು, ಹೊಣೆ ದೂರವಾಗಬಾರದು

ವರ ಜುಬೈಲ್‌ನಲ್ಲಿ, ವಧು ಭಟ್ಕಳದಲ್ಲಿ. ವರ ದುಬೈಯಲ್ಲಿ, ವಧು ಉಳ್ಳಾಲದಲ್ಲಿ. ವರ ಲಂಡನ್‌ನಲ್ಲಿ, ವಧು ಶಿವಮೊಗ್ಗದಲ್ಲಿ. ಮಸೀದಿಯಲ್ಲಿ ಖತೀಬರು ಖುತ್ಬಾ ಓದುತ್ತಾರೆ. ವರನ ಪರವಾಗಿ ಅವನ ತಂದೆಯೋ ಅಣ್ಣನೋ ನಿಕಾಹನ್ನು ಸ್ವೀಕರಿಸುತ್ತಾರೆ. ಸಮುದ್ರದ ಆಚೆ, ಕಂಪೆನಿ ಕೊಟ್ಟ ಕೋಣೆಯಲ್ಲಿ ಕುಳಿತ ವರ ಮೊಬೈಲ್ ಪರದೆಯಲ್ಲಿ ತನ್ನದೇ ಮದುವೆಯನ್ನು ನೋಡುತ್ತಾನೆ. ಒಂದು ಕಾಲದಲ್ಲಿ ಊರಿಡೀ ಮಾತಾಡಿಕೊಳ್ಳುತ್ತಿದ್ದ ಇಂತಹ ಮದುವೆ ಇಂದು ಯಾರನ್ನೂ ಅಚ್ಚರಿಗೊಳಿಸುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾದ ಕಾರಣ ಅಂತಾರಾಷ್ಟ್ರೀಯ ವಿಮಾನಗಳ ಹಾರಾಟ ನಿಂತಾಗ, ದಿನ ಗೊತ್ತುಪಡಿಸಿದ್ದ ಎಷ್ಟೋ ಕುಟುಂಬಗಳಿಗೆ ಇದರ ಹೊರತು ದಾರಿಯೇ ಇರಲಿಲ್ಲ. ವಿಮಾನಗಳು ಮತ್ತೆ ಹಾರತೊಡಗಿದವು. ಆದರೆ ಅನಿವಾರ್ಯತೆಯಿಂದ ಕಂಡುಕೊಂಡ ದಾರಿಯು ಅನುಕೂಲದ ದಾರಿಯಾಗಿ ನಮ್ಮಲ್ಲಿ ಉಳಿದುಬಿಟ್ಟಿದೆ.

ಇಂತಹ ಸಂದರ್ಭದಲ್ಲಿ ನಮ್ಮ ಜನರು ಕೇಳುವ ಪ್ರಶ್ನೆ ಒಂದೇ: ಈ ನಿಕಾಹ್ ಸಿಂಧುವೇ? ನಿಜವಾಗಿ, ಈ ಪ್ರಶ್ನೆಗೆ ಉತ್ತರ ಹೊಸದೂ ಅಲ್ಲ, ಕಷ್ಟದ್ದೂ ಅಲ್ಲ. ಕಷ್ಟದ ಪ್ರಶ್ನೆ ಇನ್ನೊಂದಿದೆ. ಅದನ್ನು ಕೇಳುವವರು ಕಡಿಮೆ. ಮೊಬೈಲ್ ಆಫ್ ಆದ ಬಳಿಕ, ಬಿರಿಯಾನಿಯ ಪಾತ್ರೆಗಳು ಖಾಲಿಯಾದ ಬಳಿಕ, ಆ ಹೆಣ್ಣು ಮಗಳ ಕೈಯಲ್ಲಿ ಏನು ಉಳಿದಿರುತ್ತದೆ?

ಮೊದಲು ಸಿಂಧುತ್ವದ ವಿಚಾರ. ನಿಕಾಹ್ ಒಂದು ಕರಾರು. ಒಂದೇ ಸಭೆಯಲ್ಲಿ ಒಂದು ಕಡೆಯಿಂದ ಪ್ರಸ್ತಾಪ (ಈಜಾಬ್), ಇನ್ನೊಂದು ಕಡೆಯಿಂದ ಸ್ವೀಕಾರ (ಖಬೂಲ್) ನಡೆಯಬೇಕು ಮತ್ತು ಸಾಕ್ಷಿಗಳು ಅದನ್ನು ನೇರವಾಗಿ ಕೇಳಿಸಿಕೊಳ್ಳಬೇಕು ಎಂಬುದು ಕರ್ಮಶಾಸ್ತ್ರ ವಿದ್ವಾಂಸರ ಸಾಮಾನ್ಯ ನಿಲುವು. ಫೋನಿನಲ್ಲಿ ಬರುವ ಸ್ವರ ಯಾರದ್ದೆಂದು ಸಾಕ್ಷಿಗಳು ಖಚಿತವಾಗಿ ಹೇಳುವಂತಿಲ್ಲ. ಆದ್ದರಿಂದಲೇ ಇಸ್ಲಾಮೀ ರಾಷ್ಟ್ರಗಳ ಸಂಘಟನೆಗೆ ಸೇರಿದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯು 1990ರ ಮಾರ್ಚ್‌ನಲ್ಲಿ ಜಿದ್ದಾದಲ್ಲಿ ನಡೆದ ತನ್ನ ಆರನೇ ಅಧಿವೇಶನದಲ್ಲಿ, ಆಧುನಿಕ ಸಂಪರ್ಕ ಸಾಧನಗಳ ಮೂಲಕ ವ್ಯಾಪಾರದ ಕರಾರುಗಳನ್ನು ಮಾಡಿಕೊಳ್ಳಬಹುದೆಂದು ಒಪ್ಪಿದರೂ ನಿಕಾಹನ್ನು ಅದರಿಂದ ಹೊರಗಿಟ್ಟಿತು. ಸಾಕ್ಷಿಗಳು ಅಗತ್ಯವೆಂಬುದೇ ಅದು ಕೊಟ್ಟ ಕಾರಣ. ನಮ್ಮ ದೇಶದ ವಿದ್ವಾಂಸರೂ ಬಹುತೇಕ ಇದೇ ಅಭಿಪ್ರಾಯ ಹೊಂದಿದ್ದಾರೆ. ನೇರವಾಗಿ ಫೋನಿನಲ್ಲೇ ಈಜಾಬ್-ಖಬೂಲ್ ಬೇಡ. ಆದರೆ ದೂರವಿರುವವನು ತನ್ನ ಪರವಾಗಿ ಒಬ್ಬ ವಕೀಲನನ್ನು, ಅಂದರೆ ಪ್ರತಿನಿಧಿಯನ್ನು, ನೇಮಿಸಬಹುದು. ಆ ಪ್ರತಿನಿಧಿಯು ಸಾಕ್ಷಿಗಳ ಮುಂದೆ ನಿಕಾಹನ್ನು ಸ್ವೀಕರಿಸಿದರೆ ಅದು ಪೂರ್ಣ ಸಿಂಧು. ಈ ವಿಷಯದಲ್ಲಿ ಕರಾವಳಿಯ ಶಾಫಿಈಗಳಿಗೂ ಒಳನಾಡಿನ ಹನಫಿಗಳಿಗೂ ಭಿನ್ನಾಭಿಪ್ರಾಯವಿಲ್ಲ. ಹೀಗಿರುವಾಗ ವೀಡಿಯೊ ಕರೆಯು ವರನಿಗೆ ಮದುವೆಯನ್ನು ನೋಡುವ ಸಂತೋಷವನ್ನಷ್ಟೇ ಕೊಡುತ್ತದೆ. ಕರಾರನ್ನು ಕಟ್ಟುವವನು ಸಭೆಯಲ್ಲಿ ಕುಳಿತ ಪ್ರತಿನಿಧಿ.

ಈ ದಾರಿಗೆ ಪ್ರವಾದಿ(ಸ)ಯವರ ಜೀವನದಲ್ಲೇ ಮಾದರಿಯಿದೆ. ಹಝ್ರತ್ ಉಮ್ಮು ಹಬೀಬಾ(ರ) ಅಬೂಸುಫ್ಯಾನ್‌ರ ಮಗಳು. ತಂದೆ ಆಗ ಮಕ್ಕಾದ ವಿರೋಧಿ ಪಾಳಯದ ಮುಖಂಡ. ಅವರು ಪತಿಯ ಜೊತೆ ಇಥಿಯೋಪಿಯಾಕ್ಕೆ ವಲಸೆ ಹೋಗಿ, ಅಲ್ಲಿ ಪತಿಯನ್ನೂ ಕಳಕೊಂಡು, ಪುಟ್ಟ ಮಗಳೊಂದಿಗೆ ಪರದೇಶದಲ್ಲಿ ಒಂಟಿಯಾಗಿದ್ದರು. ಪ್ರವಾದಿ(ಸ) ಮದೀನಾದಿಂದ ಅಮ್ರ್ ಬಿನ್ ಉಮಯ್ಯಾ(ರ) ಅವರ ಮೂಲಕ ದೊರೆ ನಜ್ಜಾಶಿಗೆ ಸಂದೇಶ ಕಳುಹಿಸಿದರು. ನಿಕಾಹ್ ನಜ್ಜಾಶಿಯ ಆಸ್ಥಾನದಲ್ಲಿ ನಡೆಯಿತು. ವರ ಮದೀನಾದಲ್ಲಿ, ವಧು ಕೆಂಪು ಸಮುದ್ರದ ಆಚೆ.

ದೂರದ ನಿಕಾಹ್‌ಗೆ ಆಧಾರ ಹುಡುಕುವವರೆಲ್ಲ ಈ ಘಟನೆಯನ್ನು ಉಲ್ಲೇಖಿಸುತ್ತಾರೆ. ಆದರೆ ಅದನ್ನು ಪೂರ್ಣವಾಗಿ ಓದುವವರು ಎಷ್ಟು ಮಂದಿ? ಚರಿತ್ರೆಕಾರರು ದಾಖಲಿಸಿರುವ ವಿವರಗಳನ್ನು ಗಮನಿಸಿ. ನಜ್ಜಾಶಿ ಮೊದಲು ಮಾಡಿದ್ದು ತನ್ನ ಪರಿಚಾರಿಕೆಯನ್ನು ಉಮ್ಮು ಹಬೀಬಾ(ರ)ರ ಬಳಿಗೇ ಕಳುಹಿಸಿ ವಿಷಯ ತಿಳಿಸಿದ್ದು. ಎರಡನೆಯದಾಗಿ, ತಮ್ಮ ಪರವಾಗಿ ಯಾರು ನಿಲ್ಲಬೇಕೆಂದು ಅವರೇ ಸೂಚಿಸಿದರು. ತಮ್ಮ ಕುಲದ ಸಂಬಂಧಿ ಖಾಲಿದ್ ಬಿನ್ ಸಈದ್(ರ)ರನ್ನು ಆರಿಸಿದರು. ಮೂರನೆಯದಾಗಿ, ನಾನೂರು ದೀನಾರ್ ಮಹ್ರನ್ನು ಅದೇ ಸಭೆಯಲ್ಲಿ ಒಪ್ಪಿಸಲಾಯಿತು. ಮೊತ್ತವನ್ನು ನಾಲ್ಕು ಸಾವಿರ ದಿರ್ಹಮ್ ಎಂದು ಹೇಳುವ ವರದಿಯೂ ಇದೆ. ನಾಲ್ಕನೆಯದಾಗಿ, ಶುರಹ್‌ಬೀಲ್ ಬಿನ್ ಹಸನಾ(ರ)ರ ಜೊತೆಯಲ್ಲಿ ಅವರನ್ನು ಮದೀನಾಕ್ಕೆ ಕಳುಹಿಸುವ ವ್ಯವಸ್ಥೆಯಾಯಿತು.

ಮಾಹಿತಿ, ಪ್ರತಿನಿಧಿ, ಮಹ್ರ್, ಪ್ರಯಾಣ. ಈ ನಾಲ್ಕೂ ಇದ್ದುದರಿಂದ ಆ ನಿಕಾಹ್ ದೂರದ್ದಾದರೂ ಅದರ ಹೊಣೆ ದೂರದ್ದಾಗಿರಲಿಲ್ಲ. ನಾವು ಆ ಘಟನೆಯಿಂದ 'ಮಾಡಬಹುದು' ಎಂಬ ಅನುಮತಿಯನ್ನು ಮಾತ್ರ ಎತ್ತಿಕೊಂಡು, ಈ ನಾಲ್ಕನ್ನೂ ಅಲ್ಲೇ ಬಿಟ್ಟು ಬಂದಿದ್ದೇವೆ. ಅದಕ್ಕೆ ಬೆಲೆ ತೆರುವವಳು ವಧು.

ಮಾಹಿತಿಯಿಂದಲೇ ಆರಂಭಿಸೋಣ. ಊರಿನ ಹುಡುಗನಾದರೆ ಅವನ ಬಗ್ಗೆ ನೆರೆಮನೆಯವರಲ್ಲಿ ವಿಚಾರಿಸುತ್ತೇವೆ, ಅವನು ನಮಾಝ್ ಮಾಡುವ ಮಸೀದಿಯಲ್ಲಿ ವಿಚಾರಿಸುತ್ತೇವೆ. ಹುಡುಗ ವಿದೇಶದಲ್ಲಿದ್ದರೆ ಈ ವಿಚಾರಣೆ ದುಪ್ಪಟ್ಟಾಗಬೇಕಿತ್ತು. ಆಗುತ್ತಿರುವುದು ತದ್ವಿರುದ್ಧ. 'ಫಾರಿನ್' ಎಂಬ ಒಂದು ಪದ ಉಳಿದೆಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸುತ್ತದೆ. ಅವನ ಕೆಲಸವೇನು, ಸಂಬಳವೆಷ್ಟು, ವೀಸಾ ಎಂತಹದ್ದು, ಅಲ್ಲಿ ಅವನಿಗೆ ಈಗಾಗಲೇ ಸಂಸಾರ ಇದೆಯೇ ಎಂದು ಕೇಳುವುದು ಅವಿಶ್ವಾಸವಲ್ಲ, ಅದು ವಲೀಯ ಕರ್ತವ್ಯ. ಮದುವೆಯಾಗುವ ಹೆಣ್ಣನ್ನು ಮೊದಲು ನೋಡಿ ಬರುವಂತೆ ಪ್ರವಾದಿ(ಸ) ಮುಗೀರಾ ಬಿನ್ ಶುಅ್‌ಬಾ(ರ)ರಿಗೆ ಸೂಚಿಸಿದ್ದರು. ಆ ನೋಟ ಎರಡೂ ಕಡೆಯವರಿಗೆ ಬೇಕು. ವೀಡಿಯೊ ಕರೆಯ ನಿಜವಾದ ಉಪಯೋಗವಿರುವುದು ಇಲ್ಲಿ, ನಿಕಾಹ್‌ನ ದಿನದಲ್ಲಲ್ಲ. ಮನೆಯವರ ಸಮಕ್ಷಮದಲ್ಲಿ ಹುಡುಗ-ಹುಡುಗಿ ಪರಸ್ಪರ ನೋಡಲಿ, ಎಲ್ಲಿ ವಾಸ, ಎಷ್ಟು ಕಾಲ, ಓದು ಮುಂದುವರಿಸಬಹುದೇ ಎಂಬುದನ್ನೆಲ್ಲ ಮಾತಾಡಿಕೊಳ್ಳಲಿ.

ಇದನ್ನು ಕಡೆಗಣಿಸಿದರೆ ಏನಾಗಬಹುದು ಎಂಬುದಕ್ಕೆ 2010ರಲ್ಲಿ ಇಡೀ ದೇಶವೇ ಸಾಕ್ಷಿಯಾಗಿತ್ತು. ಪಾಕಿಸ್ತಾನದ ಕ್ರಿಕೆಟ್ ಆಟಗಾರ ಶುಐಬ್ ಮಲಿಕ್ 2002ರಲ್ಲಿ ತನ್ನನ್ನು ಫೋನಿನ ಮೂಲಕ ನಿಕಾಹ್ ಮಾಡಿಕೊಂಡಿದ್ದಾರೆಂದು ಹೈದರಾಬಾದಿನ ಮಹಿಳೆಯೊಬ್ಬರು ಹೇಳಿದರು. ತನಗೆ ತೋರಿಸಿದ್ದು ಬೇರೆ ಯುವತಿಯ ಭಾವಚಿತ್ರವೆಂದು ಆಟಗಾರ ವಾದಿಸಿದರು. ಪೊಲೀಸ್ ದೂರು, ಟಿವಿ ಚರ್ಚೆ, ಬೀದಿಮಾತು ಎಲ್ಲ ಆದ ಬಳಿಕ ಸಮುದಾಯದ ಹಿರಿಯರ ಮಧ್ಯಸ್ಥಿಕೆಯಲ್ಲಿ ಏಪ್ರಿಲ್‌ನಲ್ಲಿ ತಲಾಖ್‌ನೊಂದಿಗೆ ಪ್ರಕರಣ ಮುಗಿಯಿತು. ಯಾರ ಮಾತು ಸರಿ ಎಂಬುದು ಇಲ್ಲಿ ನಮ್ಮ ವಿಷಯವಲ್ಲ. ಮದುವೆ ಆಗಿದೆಯೇ, ಯಾರೊಂದಿಗೆ ಆಗಿದೆ ಎಂಬುದೇ ಎಂಟು ವರ್ಷಗಳ ಬಳಿಕ ವಿವಾದವಾಗುತ್ತದೆಂದಾದರೆ, ಆ ಕರಾರನ್ನು ಎಷ್ಟು ಹಗುರವಾಗಿ ಮಾಡಿಕೊಳ್ಳಲಾಗಿತ್ತು ಎಂದು ಯೋಚಿಸಬೇಕು. ಪವಿತ್ರ ಕುರ್‌ಆನ್ ವಿವಾಹವನ್ನು ಬಲಿಷ್ಠವಾದ ಕರಾರು ಎಂದು ಪರಿಗಣಿಸುತ್ತದೆ. ಒಂದು ತುಂಡು ಜಾಗದ ಕ್ರಯಪತ್ರಕ್ಕೆ ನಾವು ತೋರುವ ಎಚ್ಚರಿಕೆಯ ಅರ್ಧದಷ್ಟನ್ನಾದರೂ ಈ ಬಲಿಷ್ಠ ಕರಾರಿಗೆ ತೋರಬೇಡವೇ?

ಇನ್ನು ಪ್ರತಿನಿಧಿಯ ವಿಚಾರ. ನಮ್ಮಲ್ಲಿ ವರನ ಪ್ರತಿನಿಧಿಯನ್ನು ನೇಮಿಸುವುದು ಹೆಚ್ಚಾಗಿ ಬಾಯಿಮಾತಿನಲ್ಲಿ. ವಕಾಲತ್‌ಗೆ ಬರಹ ಕಡ್ಡಾಯವಲ್ಲ ಎಂಬುದು ನಿಜ. ಆದರೆ ನಾಳೆ ವರ 'ನಾನು ಯಾರನ್ನೂ ನೇಮಿಸಿರಲಿಲ್ಲ' ಎಂದರೆ ಅಥವಾ 'ಇಷ್ಟು ಮಹ್ರಿಗೆ ಒಪ್ಪಿರಲಿಲ್ಲ' ಎಂದರೆ ಹೆಣ್ಣಿನ ಕಡೆಯವರು ಏನನ್ನು ತೋರಿಸಬೇಕು? ಪ್ರತಿನಿಧಿಯ ಹೆಸರು, ವಧುವಿನ ಹಾಗೂ ಆಕೆಯ ತಂದೆಯ ಹೆಸರು, ಮಹ್ರ್‌ನ ಮೊತ್ತ, ಇಷ್ಟನ್ನು ಬರೆದು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ವರನಿರುವ ದೇಶದ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳುಹಿಸುವುದು ಒಂದು ದಿನದ ಅಲೆದಾಟ. ಜೀವನಪರ್ಯಂತದ ಸಂಬಂಧಕ್ಕೆ ಒಂದು ದಿನ ದೊಡ್ಡದಲ್ಲ.

ವಧುವಿನ ಸಮ್ಮತಿಯ ಸ್ಥಿತಿ ಇನ್ನೂ ಶೋಚನೀಯ. ತಂದೆ ತನ್ನ ಇಷ್ಟಕ್ಕೆ ವಿರುದ್ಧವಾಗಿ ನಿಕಾಹ್ ಮಾಡಿಸಿದರೆಂದು ಖನ್ಸಾ ಬಿನ್ತ್ ಖಿದಾಮ್(ರ) ದೂರಿದಾಗ ಪ್ರವಾದಿ(ಸ) ಆ ನಿಕಾಹನ್ನೇ ರದ್ದುಗೊಳಿಸಿದರು. ನಮ್ಮಲ್ಲಿ ಸಮ್ಮತಿ ಎಂಬುದು ಮದುವೆಯ ದಿನ, ಸಂಬಂಧಿಕರು ಸುತ್ತುವರಿದಿರುವಾಗ, ಪುಸ್ತಕವೊಂದನ್ನು ಮುಂದಿಟ್ಟು ಪಡೆಯುವ ಸಹಿಯಾಗಿದೆ. ವರ ಕಣ್ಣ ಮುಂದೆ ಇರುವ ಮದುವೆಯಲ್ಲೇ ಇದು ಸಾಲದು. ವರ ಸಾವಿರಾರು ಕಿಲೋಮೀಟರ್ ದೂರವಿರುವ ಮದುವೆಯಲ್ಲಂತೂ ಆಕೆ ಯಾವುದಕ್ಕೆ ಒಪ್ಪುತ್ತಿದ್ದಾಳೆ ಎಂಬುದನ್ನು ಮೊದಲೇ ಬಿಡಿಸಿ ಹೇಳಬೇಕು. ಎಂದು ಕರೆದೊಯ್ಯುತ್ತಾನೆ, ಕರೆದೊಯ್ಯಲು ಆಗದಿದ್ದರೆ ಆಕೆ ಎಲ್ಲಿರುತ್ತಾಳೆ, ಖರ್ಚು ಯಾರದ್ದು ಎಂಬುದು ತಿಳಿಯದೆ ಕೊಟ್ಟ ಸಮ್ಮತಿ ಅರ್ಧ ಸಮ್ಮತಿ.

ಮಹ್ರ್‌ನ ಕುರಿತೂ ಎರಡು ಮಾತು ಅಗತ್ಯ. ವರ ಬಂದ ಮೇಲೆ ಕೊಡುತ್ತಾನೆ ಎಂದು ಅದನ್ನು ಮುಂದಕ್ಕೆ ಹಾಕುವುದು ದೂರದ ನಿಕಾಹ್‌ಗಳಲ್ಲಿ ರೂಢಿಯಾಗುತ್ತಿದೆ. ನಜ್ಜಾಶಿಯ ಆಸ್ಥಾನದಲ್ಲಿ ವರ ಇರಲಿಲ್ಲ, ಆದರೆ ಮಹ್ರ್ ಇತ್ತು. ನಿಮಿಷದೊಳಗೆ ಹಣ ಕಳುಹಿಸಬಹುದಾದ ಈ ಕಾಲದಲ್ಲಿ ದೂರವನ್ನು ನೆಪವಾಗಿಸುವುದಕ್ಕೆ ಅರ್ಥವಿಲ್ಲ. ವರನಿಲ್ಲದ ಮದುವೆಗೂ ವರದಕ್ಷಿಣೆಯು ಸರಿಯಾದ ಸಮಯಕ್ಕೆ ತಲುಪುತ್ತದೆ, ಮಹ್ರ್ ಮಾತ್ರ ವಿಮಾನಕ್ಕಾಗಿ ಕಾಯುತ್ತದೆ ಎಂದಾದರೆ ಅದು ಸಮುದಾಯಕ್ಕೆ ಭೂಷಣವಲ್ಲ.

ನಾಲ್ಕನೆಯದು ಪ್ರಯಾಣ. ಅತಿ ಹೆಚ್ಚು ಕಣ್ಣೀರು ಹರಿಯುತ್ತಿರುವುದು ಇಲ್ಲಿಯೇ. ನಿಕಾಹ್ ಆಯಿತು, ಇನ್ನು ವೀಸಾ ಬಂದರೆ ಹೋಗುವುದು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಕುಟುಂಬ ವೀಸಾ ಎಂಬುದು ಪತಿಯ ಮನಸ್ಸಿನಿಂದ ಮಾತ್ರ ಬರುವಂತಹದ್ದಲ್ಲ. ಯುಎಇಯಲ್ಲಿ ಪತ್ನಿಯನ್ನು ಕರೆಸಿಕೊಳ್ಳಲು ತಿಂಗಳಿಗೆ ಕನಿಷ್ಠ 4,000 ದಿರ್ಹಮ್ ಅಥವಾ ವಸತಿಯ ಜೊತೆ 3,000 ದಿರ್ಹಮ್ ಸಂಬಳ ಬೇಕು. ಸೌದಿ ಅರೇಬಿಯಾವು 2017ರ ಜುಲೈಯಲ್ಲಿ ಅವಲಂಬಿತ ಸದಸ್ಯರೊಬ್ಬರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿ, ಅದನ್ನು 2020ರ ವೇಳೆಗೆ 400ಕ್ಕೆ ಏರಿಸಿತು. ಆಗ ಅದೆಷ್ಟೋ ಕುಟುಂಬಗಳು ಊರಿಗೆ ಮರಳಿದವು. ಅಂಗಡಿಯಲ್ಲೋ ಗೋದಾಮಿನಲ್ಲೋ ದುಡಿಯುವ ಯುವಕನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿದೆ. ಹೆಣ್ಣಿನ ಕಡೆಯವರಿಗೆ ಅದನ್ನು ಹೇಳುವುದಿಲ್ಲ, ಅವರು ಕೇಳುವುದೂ ಇಲ್ಲ.

ಹೀಗೆ ಮದುವೆಯಾದ ಹೆಣ್ಣು ಅತ್ತ ಪತಿಯ ಮನೆಯೂ ಅಲ್ಲದ, ಇತ್ತ ತವರೂ ಅಲ್ಲದ ಸ್ಥಿತಿಯಲ್ಲಿ ವರ್ಷಗಳನ್ನು ಕಳೆಯುತ್ತಾಳೆ. ಗಲ್ಫ್‌ನಲ್ಲಿರುವ ಪತಿಗೆ ಊರಿನ ಪತ್ನಿ ಬರೆಯುವ ಪತ್ರದ ರೂಪದಲ್ಲಿ ಎಸ್.ಎ. ಜಮೀಲ್ ಅವರು 1970ರ ದಶಕದಲ್ಲಿ ರಚಿಸಿದ 'ಕತ್ತ್ ಪಾಟ್ಟ್' ಮಲಬಾರಿನ ಮನೆಮನೆಗಳಲ್ಲಿ ಕಣ್ಣೀರು ತರಿಸಿತ್ತು. ಪತ್ರದ ಜಾಗಕ್ಕೆ ವಾಟ್ಸಾಪ್ ಬಂದಿದೆ. ವಿರಹ ಹಾಗೆಯೇ ಇದೆ. ಹಝ್ರತ್ ಉಮರ್(ರ) ರಾತ್ರಿಯ ಗಸ್ತಿನಲ್ಲಿ ಯೋಧನೊಬ್ಬನ ಪತ್ನಿಯ ವೇದನೆಯ ಮಾತನ್ನು ಕೇಳಿಸಿಕೊಂಡು, ಪತಿಯಿಂದ ದೂರವಿದ್ದು ಹೆಣ್ಣು ಎಷ್ಟು ಕಾಲ ಸಹಿಸಬಲ್ಲಳು ಎಂದು ಮಗಳು ಹಫ್ಸಾ(ರ)ರಲ್ಲಿ ವಿಚಾರಿಸಿದ್ದು ಪ್ರಸಿದ್ಧ. ನಾಲ್ಕು ತಿಂಗಳೆಂದೂ ಆರು ತಿಂಗಳೆಂದೂ ವರದಿಗಳಿವೆ. ಆ ಬಳಿಕ ಯೋಧರನ್ನು ಅದಕ್ಕಿಂತ ಹೆಚ್ಚು ಕಾಲ ಗಡಿಯಲ್ಲಿ ಉಳಿಸಬಾರದೆಂದು ಅವರು ಆಜ್ಞೆ ಹೊರಡಿಸಿದರು. ಯುದ್ಧದ ಅನಿವಾರ್ಯತೆಯಲ್ಲೂ ಪತ್ನಿಯ ಹಕ್ಕನ್ನು ಲೆಕ್ಕ ಹಾಕಿದ ಖಲೀಫರ ಹೆಸರು ಹೇಳುವ ನಾವು, ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯನ್ನೇ ದಾಂಪತ್ಯವೆಂದು ಕರೆಯುತ್ತಿದ್ದೇವೆ.

ಪ್ರಯಾಣಕ್ಕೆ ವೀಸಾ ಬೇಕು, ವೀಸಾಕ್ಕೆ ದಾಖಲೆ ಬೇಕು. ಇಲ್ಲಿ ಜಮಾಅತ್‌ನ ನಿಕಾಹ್‌ನಾಮ ಮಾತ್ರ ಸಾಲುವುದಿಲ್ಲ. ಸರಕಾರಿ ನೋಂದಣಿಯ ಪ್ರಮಾಣಪತ್ರಕ್ಕೆ ರಾಜ್ಯ ಸರಕಾರ, ವಿದೇಶಾಂಗ ಸಚಿವಾಲಯ ಮತ್ತು ಕೆಲವು ದೇಶಗಳಿಗಾದರೆ ಆಯಾ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೀಳಬೇಕು. ಕರ್ನಾಟಕದಲ್ಲಿ ವಿವಾಹ ನೋಂದಣಿಗೆಂದೇ 1976ರ ಕಾಯ್ದೆಯಿದೆ. ಎಲ್ಲ ಧರ್ಮೀಯರ ವಿವಾಹಗಳೂ ನೋಂದಣಿಯಾಗಬೇಕೆಂದು ಸುಪ್ರೀಮ್ ಕೋರ್ಟ್ 2006ರಲ್ಲಿ ಹೇಳಿತು. ಹೀಗಿದ್ದೂ ನಮ್ಮಲ್ಲಿ ಅನೇಕರಿಗೆ ನೋಂದಣಿಯ ನೆನಪಾಗುವುದು ವೀಸಾಕ್ಕೆ ಅರ್ಜಿ ಹಾಕುವಾಗ ಇಲ್ಲವೇ ಜಗಳ ಕೋರ್ಟಿನ ಮೆಟ್ಟಿಲೇರಿದಾಗ. ನಿಕಾಹ್‌ನ ಸಿಂಧುತ್ವಕ್ಕೆ ನೋಂದಣಿ ಶರತ್ತಲ್ಲ ಎಂಬುದು ಸರಿ. ಆದರೆ ಹಕ್ಕನ್ನು ಸಾಬೀತುಪಡಿಸಲು ಅದು ಬೇಕೇ ಬೇಕು. ಪತಿಯ ಮನೆಯವರ ಕ್ರೌರ್ಯದಿಂದ ತವರು ಸೇರಿದ ಹೆಣ್ಣು ತವರಿನ ಊರಿನಲ್ಲಿಯೇ ದೂರು ದಾಖಲಿಸಬಹುದೆಂದು ಸುಪ್ರೀಮ್ ಕೋರ್ಟ್ 2019ರಲ್ಲಿ ತೀರ್ಪು ನೀಡಿದೆ. ಆದರೆ ಆಕೆ ಪತ್ನಿ ಎಂಬುದಕ್ಕೇ ಪುರಾವೆ ಇಲ್ಲದಿದ್ದರೆ ಆ ತೀರ್ಪಿನಿಂದ ಆಕೆಗೆ ಏನು ಪ್ರಯೋಜನ?

ಮುಸ್ಲಿಮ್ ದಂಪತಿಗಳಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರವನ್ನು ವಕ್ಫ್ ಮಂಡಳಿಗೆ ಕೊಟ್ಟು ರಾಜ್ಯ ಸರಕಾರವು 2023ರಲ್ಲಿ ಆದೇಶ ಹೊರಡಿಸಿತು. 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಸುಲಭದ ದಾರಿಯೊಂದು ಮುಚ್ಚಿತೆಂದು ಬೇಸರಿಸಿದವರಿದ್ದಾರೆ. ನಮಗೆ ಅನಿಸುವುದೇನೆಂದರೆ, ಸರಕಾರವು ಪರ್ಯಾಯ ಕಚೇರಿಗಳನ್ನು ಹುಡುಕುವ ಬದಲು ಇರುವ ನೋಂದಣಿ ಕಚೇರಿಯನ್ನೇ ಜನರಿಗೆ ಹತ್ತಿರವಾಗಿಸಬೇಕು. ವಿದೇಶದಲ್ಲಿರುವವರಿಗೆ ವೀಡಿಯೊ ಮೂಲಕ ಹಾಜರಾಗುವ ಅವಕಾಶವನ್ನು ನಿಯಮದಲ್ಲಿಯೇ ಸ್ಪಷ್ಟವಾಗಿ ಸೇರಿಸಬೇಕು. ಇದೇನೂ ಅಸಾಧ್ಯವಾದುದಲ್ಲ. ಮದುವೆಯ ಬಳಿಕ ವಿದೇಶಕ್ಕೆ ಹೋಗಿದ್ದ ದಂಪತಿಗೆ ವೀಡಿಯೊ ಮೂಲಕ ನೋಂದಣಿಗೆ ಹಾಜರಾಗಲು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2021ರಲ್ಲಿ ಅನುಮತಿಸಿತು. ಅಮೆರಿಕದಲ್ಲಿದ್ದ ವರನೊಂದಿಗೆ ಕನ್ಯಾಕುಮಾರಿ ಜಿಲ್ಲೆಯ ವಧುವಿನ ವಿವಾಹವನ್ನು ವಿಶೇಷ ವಿವಾಹ ಕಾಯ್ದೆಯಡಿ ವೀಡಿಯೊ ಮೂಲಕ ನಡೆಸಿಕೊಡುವಂತೆ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ 2022ರಲ್ಲಿ ಆದೇಶಿಸಿತು. ಕೇರಳ ಹೈಕೋರ್ಟ್ ಕೂಡ 2023ರಲ್ಲಿ ಇದೇ ಕಾಯ್ದೆಯಡಿ ಆನ್‌ಲೈನ್ ವಿವಾಹಕ್ಕೆ ಒಪ್ಪಿಗೆ ನೀಡಿತು. ಪ್ರತಿಯೊಂದು ದಂಪತಿಯೂ ಹೈಕೋರ್ಟಿನ ಬಾಗಿಲು ತಟ್ಟಬೇಕಾಗಿ ಬರುವುದು ನ್ಯಾಯವಲ್ಲ. ಕರಾವಳಿಯ ಪ್ರತಿ ಊರಿನಿಂದ ಜನರು ವಿದೇಶದಲ್ಲಿ ದುಡಿಯುತ್ತಿರುವ ಕರ್ನಾಟಕದಲ್ಲಿ ಇದು ಚುನಾವಣೆಯ ಸಂದರ್ಭದಲ್ಲಾದರೂ ಕೇಳಲೇಬೇಕಾದ ಬೇಡಿಕೆ.

ಕೇಂದ್ರ ಸರಕಾರದ ಮುಂದೆಯೂ ಕೆಲಸವಿದೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ ನೇತೃತ್ವದ ಕಾನೂನು ಆಯೋಗವು 2024ರ ಫೆಬ್ರವರಿಯಲ್ಲಿ ನೀಡಿದ 287ನೇ ವರದಿಯಲ್ಲಿ, ಅನಿವಾಸಿ ಭಾರತೀಯರು ಭಾರತೀಯ ಪ್ರಜೆಗಳನ್ನು ಮದುವೆಯಾದರೆ ನೋಂದಣಿ ಕಡ್ಡಾಯವಾಗಬೇಕು, ಪಾಸ್‌ಪೋರ್ಟ್‌ನಲ್ಲಿ ವೈವಾಹಿಕ ಸ್ಥಿತಿ ಹಾಗೂ ನೋಂದಣಿ ಸಂಖ್ಯೆ ಇರಬೇಕು ಎಂದು ಶಿಫಾರಸು ಮಾಡಿದೆ. ಮುಸ್ಲಿಮ್ ಮಹಿಳೆಯರ ಹೆಸರಿನಲ್ಲಿ ಟಿವಿಯ ಮುಂದೆ ಕಣ್ಣೀರು ಹಾಕುವ ರಾಜಕಾರಣಿಗಳಿಗೆ, ಧರ್ಮಭೇದವಿಲ್ಲದೆ ಎಲ್ಲ ಹೆಣ್ಣು ಮಕ್ಕಳಿಗೂ ಉಪಕಾರವಾಗುವ ಇಂತಹ ಶಿಫಾರಸಿನ ಬಗ್ಗೆ ಮಾತಾಡಲು ಪುರುಸೊತ್ತಿಲ್ಲ.

ಆದರೆ ಸರಕಾರವನ್ನು ದೂರಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ನಾಳೆಯೇ ಆರಂಭಿಸಬಹುದಾದ ಕೆಲಸ ನಮ್ಮ ಜಮಾಅತ್‌ಗಳ ಕೈಯಲ್ಲಿದೆ. ವರ ಅಥವಾ ವಧು ದೂರವಿರುವ ನಿಕಾಹ್‌ಗೆ ಅರ್ಜಿ ಬಂದಾಗ ಕಮಿಟಿಯು ದಿನಾಂಕ ಕೊಡುವ ಮುಂಚೆ ಕೆಲವನ್ನು ಕೇಳಲಿ. ದೃಢೀಕೃತ ವಕಾಲತ್ ಪತ್ರ ಎಲ್ಲಿ? ವರನ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ ಎಲ್ಲಿ? ಅವನಿರುವ ಊರಿನಲ್ಲಿ ಅವನನ್ನು ಬಲ್ಲ ಇಬ್ಬರು ಯಾರು? ಇಂದು ಗಲ್ಫ್‌ನ ನಗರಗಳಲ್ಲಿ ನಮ್ಮ ಊರುಗಳ ಹೆಸರಿನ ಸಂಘಟನೆಗಳಿರುವುದರಿಂದ ಇದು ಒಂದು ಫೋನ್ ಕರೆಯ ಕೆಲಸ. ಮಹ್ರ್ ಸಿದ್ಧವಿದೆಯೇ? ಒಟ್ಟಿಗೆ ಬಾಳುವುದು ಯಾವಾಗ, ಎಲ್ಲಿ ಎಂಬುದನ್ನು ನಿಕಾಹ್ ಪುಸ್ತಕದಲ್ಲಿ ಬರೆಯಲು ಎರಡೂ ಕಡೆಯವರು ಸಿದ್ಧರಿದ್ದಾರೆಯೇ? ವರ ಮೊದಲ ಬಾರಿಗೆ ಊರಿಗೆ ಬಂದಾಗ ನೋಂದಣಿ ಮಾಡಿಸುವ ಹೊಣೆ ಯಾರದ್ದು? ಇದಲ್ಲದೆ ಮದರಸದ ಅಧ್ಯಾಪಕಿಯೋ ಊರಿನ ವಿದ್ಯಾವಂತ ಮಹಿಳೆಯೋ ವಧುವನ್ನು ಪ್ರತ್ಯೇಕವಾಗಿ ಭೇಟಿಯಾಗಿ ಆಕೆಯ ಮನಸ್ಸನ್ನು ತಿಳಿದುಕೊಳ್ಳಲಿ.

ಇಷ್ಟೆಲ್ಲ ಕೇಳಿದರೆ ಒಳ್ಳೆಯ ಸಂಬಂಧ ಕೈತಪ್ಪುತ್ತದೆ ಎಂದು ಹೆದರುವ ತಂದೆ ತಾಯಿಗಳಿದ್ದಾರೆ. ಅವರ ಭಯ ಅರ್ಥವಾಗುವಂತಹದ್ದೇ. ಮೂರು ಹೆಣ್ಣು ಮಕ್ಕಳಿರುವ ಬಡ ತಂದೆಗೆ ಬಂದ ಸಂಬಂಧವನ್ನು ಪ್ರಶ್ನಿಸುವ ಧೈರ್ಯವಿರುವುದಿಲ್ಲ. ಆದ್ದರಿಂದಲೇ ಪ್ರಶ್ನೆಯನ್ನು ಅವನ ಬದಲು ಜಮಾಅತ್ ಕೇಳಬೇಕು. ಎಲ್ಲರಿಗೂ ಒಂದೇ ನಿಯಮವಾದಾಗ ಯಾರಿಗೂ ಅದು ಅವಮಾನವಾಗುವುದಿಲ್ಲ. ಪ್ರಾಮಾಣಿಕ ಯುವಕನಿಗೆ ಇದರಿಂದ ನಷ್ಟವೂ ಇಲ್ಲ. ಬಿಸಿಲಿನಲ್ಲಿ ದುಡಿದು, ತಂಗಿಯರ ಮದುವೆ ಮಾಡಿಸಿ, ಸಾಲ ತೀರಿಸಿ, ರಜೆ ಸಿಗದೆ ದೂರದಿಂದಲೇ ನಿಕಾಹ್ ಆಗುವ ಸಾವಿರಾರು ಸಜ್ಜನ ಯುವಕರು ನಮ್ಮಲ್ಲಿದ್ದಾರೆ. ಅಂಥವನ ಮಾತಿಗೆ ಕಾಗದವು ಬಲ ಕೊಡುತ್ತದೆ. ಇದರಿಂದ ಹಿಂಜರಿಯುವವನು ಯಾರೆಂದು ತಿಳಿಯುವುದೂ ಒಂದು ಲಾಭವೇ.

ಇನ್ನೂ ಒಂದು ಮಾತಿದೆ. ದೂರದ ನಿಕಾಹ್ ಒಂದು ರಿಯಾಯಿತಿ. ಮೂರು ತಿಂಗಳಲ್ಲಿ ವರನಿಗೆ ರಜೆ ಸಿಗುತ್ತದೆಂದಾದರೆ, ಹಾಲ್ ಸಿಕ್ಕಿದೆ ಎಂಬ ಕಾರಣಕ್ಕೋ ಸಂಬಂಧ ತಪ್ಪದಂತೆ ಕಟ್ಟಿಹಾಕಬೇಕೆಂಬ ಆತುರಕ್ಕೋ ಈ ರಿಯಾಯಿತಿಯನ್ನು ಬಳಸಬೇಕಾಗಿಲ್ಲ. ಮೂರು ತಿಂಗಳ ಕಾಯುವಿಕೆ ಮೂರು ವರ್ಷಗಳ ಕಣ್ಣೀರಿಗಿಂತ ಹಗುರ. ಕಾಯಲು ಸಾಧ್ಯವೇ ಇಲ್ಲದವರಿಗೆ ಶರೀಅತ್ ದಾರಿ ತೆರೆದಿಟ್ಟಿದೆ. ಆ ದಾರಿಯಲ್ಲಿ ನಡೆಯುವವರು ಉಮ್ಮು ಹಬೀಬಾ(ರ)ರ ನಿಕಾಹ್‌ನಲ್ಲಿದ್ದ ನಾಲ್ಕನ್ನೂ ಜೊತೆಯಲ್ಲಿ ಕೊಂಡೊಯ್ಯಲಿ. ನಿಕಾಹ್‌ಗೆ ಸಾಕ್ಷಿ ನಿಲ್ಲುವ ಇಬ್ಬರು ಆ ದಿನ ಸಹಿ ಹಾಕಿ ಹೋಗುತ್ತಾರೆ. ಆ ಹೆಣ್ಣು ಮಗಳು ತನ್ನ ಪತಿಯನ್ನು ಸೇರುವ ತನಕ ಸಾಕ್ಷಿ ನಿಲ್ಲಬೇಕಾದುದು ಇಡೀ ಜಮಾಅತ್.